ಮಣ್ಣಿನ ಹದ, ಕಾರಿನ ಹದ

ಡರ್ಟ್ ಟ್ರ್ಯಾಕ್ ಮೇಲಿನ ಸ್ಟಾಕ್ ಕಾರ್ ರೇಸ್ ಅಂದರೆ ಬರೀ ವೇಗದ ಹುಚ್ಚು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೇನೋ ಅದು ಮಣ್ಣಿನ ಹದ ನೋಡುವ ಆಟ ಅನ್ನಿಸುತ್ತೆ.

ಅಮೆರಿಕದ ಓಹಿಯೋದಲ್ಲಿ ಎಲ್ಡೋರಾ ಅಂತ ಅರ್ಧ ಮೈಲಿಯ ಜೇಡಿಮಣ್ಣಿನ ಟ್ರ್ಯಾಕ್ ಇದೆ, 1954ರಲ್ಲಿ ಶುರುವಾದದ್ದು. ಇಂಥ ಕಡೆ ಸಂಜೆ ನೀರು ಕುಡಿದ ಮಣ್ಣು ಟೈರನ್ನು ಕಚ್ಚಿ ಹಿಡಿಯುತ್ತೆ. ಕಾರುಗಳು ಓಡಿದಷ್ಟೂ ಒಣಗಿ, ಕಪ್ಪಗೆ ಹೊಳೆಯುತ್ತಾ ಜಾರತೊಡಗುತ್ತೆ. ಸಂಜೆ ಗೆದ್ದ ಸೆಟಪ್ಪು ರಾತ್ರಿ ಫೈನಲ್ಲಿನಲ್ಲಿ ಕೈಕೊಡುತ್ತೆ! ಓಟವೆಲ್ಲ ಎಡಕ್ಕೇ ತಿರುಗುವುದಾದ್ದರಿಂದ ಬಲಗಡೆಯ ಹಿಂದಿನ ಟೈರು ಎಡದ್ದಕ್ಕಿಂತ ದೊಡ್ಡದಿರುತ್ತೆ. ನೆಲ ಜಾರತೊಡಗಿದಾಗ ಆ ವ್ಯತ್ಯಾಸ ಕಡಿಮೆ ಮಾಡುತ್ತಾರೆ, ಟೈರಿನ ಗಾಳಿ ಇಳಿಸುತ್ತಾರೆ, ಸ್ಪ್ರಿಂಗ್ ಬದಲಿಸುತ್ತಾರೆ...

ಎಡವುವುದು ಇಲ್ಲೇ ನೋಡಿ. ಡ್ರೈವರ್ ಬಂದು "ಕಾರು ಲೂಸ್, ಹಿಂಭಾಗ ಜಾರ್ತಿದೆ" ಅಂತಾನೆ. ಮೆಕ್ಯಾನಿಕ್ ಹಿಂದಿನ ಹಿಡಿತ ಹೆಚ್ಚಿಸುತ್ತಾನೆ. ಕಾರು ಇನ್ನೂ ಕೆಡುತ್ತೆ! ಎಷ್ಟೋ ಸಲ ರೋಗ ಇರುವುದು ಮುಂದೆ. ತಿರುವಿನಲ್ಲಿ ಮೂತಿ ತಿರುಗುವುದಿಲ್ಲ, ಡ್ರೈವರ್ ಸ್ಟೀರಿಂಗ್ ಇನ್ನಷ್ಟು ಎಳೆಯುತ್ತಾನೆ, ಮುಂದಿನ ಟೈರು ತಟ್ಟನೆ ಕಚ್ಚಿದಾಗ ಹಿಂಭಾಗ ಎಗರುತ್ತೆ. ಅವನ ನೆನಪಿನಲ್ಲಿ ಉಳಿಯುವುದು ಆ ಕೊನೆಯ ಜಾರು ಮಾತ್ರ.

ಅದಕ್ಕೇ ನಾನು ಹೇಳೋದು, ಸ್ಪ್ಯಾನರ್ ಎತ್ತುವ ಮುಂಚೆ "ತಿರುವಿಗೆ ನುಗ್ಗುವಾಗ ಏನಾಯ್ತು?" ಅಂತ ಕೇಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಆತುರದಲ್ಲಿ ನಾಲ್ಕು ಬದಲಿಸಿದರೆ ಯಾವುದು ಕೆಡಿಸಿತು ಅಂತಲೇ ತಿಳಿಯದು. ಗೋಡೆಗೆ ಬಡಿಯುವವನು ಡ್ರೈವರ್, ಮೆಕ್ಯಾನಿಕ್ ಅಲ್ಲ.

ನೀವೇನಂತೀರಿ?