ಜನಾಝಕ್ಕೆ ನಲವತ್ತು ಸಾವಿರ, ಠಾಣೆಯ ಬಾಗಿಲಿಗೆ ಎಷ್ಟು ಮಂದಿ?

1969 ಸೆಪ್ಟೆಂಬರ್ 29ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ ಸುಮಾರು 40 ಸಾವಿರ ಮಂದಿ ಒಂದು ಜನಾಝದೊಂದಿಗೆ ಹೆಜ್ಜೆ ಹಾಕಿದರು. ಅದು ಇಮಾಮ್ ಅಬ್ದುಲ್ಲಾ ಹಾರೂನ್‌ರದ್ದು. ಮಸೀದಿಯೊಂದರ ಇಮಾಮರೂ ಪತ್ರಿಕಾ ಸಂಪಾದಕರೂ ಆಗಿದ್ದ ಅವರಿಗೆ ಆಗ 45 ವರ್ಷ. ವರ್ಣಭೇದ ನೀತಿಯ ಸರಕಾರವು ಆ ವರ್ಷದ ಮೇ 28ರಂದು ಭಯೋತ್ಪಾದನಾ ಕಾಯ್ದೆಯಡಿ ಅವರನ್ನು ಬಂಧಿಸಿತ್ತು. ವಿಚಾರಣೆಯಿಲ್ಲದೆ ಎಷ್ಟು ಕಾಲವಾದರೂ ಬಂಧನದಲ್ಲಿಡುವ ಅಧಿಕಾರವನ್ನು ಆ ಕಾಯ್ದೆ ಪೊಲೀಸರಿಗೆ ಕೊಟ್ಟಿತ್ತು. ಮನೆಯವರ ಭೇಟಿಗೂ ಅವಕಾಶವಿರಲಿಲ್ಲ. ಬಂಧನದ 123ನೇ ದಿನ ಇಮಾಮರು ಕೊನೆಯುಸಿರೆಳೆದರು.

ಮೆಟ್ಟಿಲಿನಿಂದ ಜಾರಿ ಬಿದ್ದರು ಎಂದು ಪೊಲೀಸರು ಹೇಳಿದರು. ಮರಣೋತ್ತರ ಪರೀಕ್ಷೆಯಲ್ಲಿ 20ಕ್ಕೂ ಹೆಚ್ಚು ಗಾಯದ ಗುರುತುಗಳೂ ಮುರಿದ ಪಕ್ಕೆಲುಬೂ ಕಂಡುಬಂದವು. ಜಾರಿ ಬಿದ್ದವನ ಮೈಮೇಲೆ ಇಷ್ಟು ಗಾಯಗಳು ಹೇಗೆ ಬಂದವು? 1970ರಲ್ಲಿ ತನಿಖೆ ನಡೆಸಿದ ಮ್ಯಾಜಿಸ್ಟ್ರೇಟರು ಕೆಲವು ಗಾಯಗಳಿಗೆ ಮೆಟ್ಟಿಲಿನ ಕಥೆಯನ್ನು ಒಪ್ಪಿದರು, ಉಳಿದವುಗಳ ಕಾರಣ ನಿರ್ಧರಿಸಲಾಗದು ಎಂದರು. ಯಾರೂ ಹೊಣೆಯಾಗಲಿಲ್ಲ.

ಕುಟುಂಬ ಮಾತ್ರ ಬಿಡಲಿಲ್ಲ. 2022ರಲ್ಲಿ ತನಿಖೆ ಮತ್ತೆ ತೆರೆಯಿತು. 2023 ಅಕ್ಟೋಬರ್ 9ರಂದು ಅಲ್ಲಿನ ಹೈಕೋರ್ಟು, ಇಮಾಮರ ಸಾವಿಗೆ ಪೊಲೀಸರ ಚಿತ್ರಹಿಂಸೆಯೇ ಕಾರಣವೆಂದು ತೀರ್ಪಿತ್ತಿತು. 54 ವರ್ಷಗಳ ಬಳಿಕ ಸತ್ಯ ಗೆದ್ದಿತು ನಿಜ. ಆದರೆ ಹಿಂಸಿಸಿದವರು ಅಷ್ಟರಲ್ಲಿ ಶಿಕ್ಷೆಯ ಕೈಗೆಟುಕದಷ್ಟು ದೂರ ಹೋಗಿದ್ದರು. ಪತ್ನಿ ಗಲೀಮಾ ಹಾರೂನ್ 2019ರಲ್ಲೇ ತೀರಿಕೊಂಡಿದ್ದರು.

ಈ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಆ ಜನಾಝಕ್ಕೆ ಮುಂಚಿನ ನಾಲ್ಕು ತಿಂಗಳು. ಇಮಾಮರು ಬದುಕಿದ್ದ ಆ ದಿನಗಳಲ್ಲಿ ಅಲ್ಲಿನ ಉಲಮಾ ಸಂಘಟನೆ ಅವರ ಪರವಾಗಿ ಗಟ್ಟಿಯಾಗಿ ನಿಲ್ಲಲಿಲ್ಲವೆಂಬ ಟೀಕೆ ಇಂದಿಗೂ ಇದೆ. ಅಂದಿನ ಭಯ ಸುಳ್ಳಲ್ಲ, ಯಾರನ್ನೂ ಹೊತ್ತೊಯ್ಯಬಹುದಾದ ಕಾಲವದು. ಆದರೂ ಹೆಗಲು ಕೊಡಲು ಬಂದ ಜನಸಾಗರದ ಒಂದಂಶ ಮೊದಲೇ ಠಾಣೆಯ ಬಾಗಿಲಲ್ಲಿ ನಿಂತಿದ್ದರೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ನಮ್ಮ ದೇಶದ ಸ್ಥಿತಿ ಕಾನೂನಿನ ಮಟ್ಟಿಗೆ ಅಂದಿನ ದಕ್ಷಿಣ ಆಫ್ರಿಕಾದಂತಿಲ್ಲ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ನಿರ್ದೇಶನಗಳು ಇನ್ನೂ ಸ್ಪಷ್ಟ: ದಿನ, ಸಮಯ ನಮೂದಿಸಿದ ಬಂಧನ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು, ಬಂಧುವಿಗೆ ಅಥವಾ ಆಪ್ತನಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಇವೆಲ್ಲವೂ ಬದುಕಿರುವವನಿಗಾಗಿ ಇರುವ ಹಕ್ಕುಗಳು. ಹಾಗಿದ್ದೂ ಲಾಕಪ್ ಸಾವುಗಳು ನಿಂತಿಲ್ಲ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.

ಸರಕಾರವನ್ನು ಪ್ರಶ್ನಿಸುವಾಗ ನಮ್ಮನ್ನೂ ಪ್ರಶ್ನಿಸಿಕೊಳ್ಳೋಣ. ಓಣಿಯ ಹುಡುಗನನ್ನು ಪೊಲೀಸರು ಕರೆದೊಯ್ದಾಗ 'ಬೆಂಕಿಯಿಲ್ಲದೆ ಹೊಗೆಯಾಡೀತೇ' ಎಂದು ನಾವು ಬಾಗಿಲು ಮುಚ್ಚುವುದಿಲ್ಲವೇ? ಕಳ್ಳನೆಂದರೆ 'ನಾಲ್ಕು ಬೀಳಲಿ' ಎನ್ನುವುದಿಲ್ಲವೇ? ಸತ್ತವನ ಹೆಸರು ಕೇಳಿ ದುಃಖಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಚಾಳಿ ನಮ್ಮಲ್ಲೂ ಇದೆ. ಕಳ್ಳನಿಗೆ ಸಲ್ಲದ ಹಕ್ಕು ನಾಳೆ ಇಮಾಮರಿಗೂ ಸಲ್ಲದು. ಬಂಧಿತನು ಯಾವ ಜಾತಿ, ಧರ್ಮದವನೇ ಆಗಿರಲಿ, ಆತನ ಪ್ರಾಣ ಠಾಣೆಯ ಕೈಯಲ್ಲಿರುವ ಅಮಾನತ್ತು. ಅದರ ಲೆಕ್ಕ ಕೊಡಬೇಕಾದವರು ಅದನ್ನು ಇಟ್ಟುಕೊಂಡವರು, ಕೇಳಬೇಕಾದವರು ನಾವು.

ಪ್ರತಿ ಜಮಾಅತಿನಲ್ಲಿ ಇಂತಹ ಹೊತ್ತಿಗೆ ಒದಗುವ ಒಬ್ಬ ವಕೀಲರ ದೂರವಾಣಿ ಸಂಖ್ಯೆ ಇರಲಿ. ಸುದ್ದಿ ತಿಳಿದೊಡನೆ ಇಬ್ಬರು ಹಿರಿಯರು ಠಾಣೆಗೆ ಹೋಗಿ ಶಾಂತವಾಗಿ ಬಂಧನ ಪತ್ರವನ್ನು ಕೇಳಲಿ. ಜನಾಝ ನಮಾಝ್ ಫರ್ಝ್ ಕಿಫಾಯ, ಕೆಲವರು ನಿರ್ವಹಿಸಿದರೆ ಉಳಿದವರ ಹೊಣೆ ಇಳಿಯುತ್ತದೆ. ಬಂಧಿತನನ್ನು ವಿಚಾರಿಸಲು ಊರಿನಿಂದ ಒಬ್ಬರೂ ಹೋಗದಿದ್ದರೆ ಆ ಹೊಣೆ ಯಾರ ಹೆಗಲಿನಿಂದ ಇಳಿದೀತು?