ಎಡಕ್ಕೇ ಹೋಗುತ್ತಿದ್ದ ಎರಡು ಬಾಣ

ಶಾಲಾ ಮಕ್ಕಳ ಬಿಲ್ಲುಗಾರಿಕೆ ಆಯ್ಕೆ ಇದೆ, ಬನ್ನಿ ಅಂತ ಫೋನ್ ಬಂದಾಗ ನಾವಿಬ್ಬರೂ ಹೋಗಿದ್ದೆವು. ಒಬ್ಬರು ಬರೆಯಲು, ಇನ್ನೊಬ್ಬರು ಫೋಟೋಕ್ಕೆ. ನಡೆಯುತ್ತಿದ್ದದ್ದು ‘ಇಂಡಿಯನ್ ರೌಂಡ್’: ಬಿದಿರಿನ ಬಿಲ್ಲು, ಮರದ ಬಾಣ, 50 ಮತ್ತು 30 ಮೀಟರ್ ದೂರದ ಗುರಿ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರತಿ ಸುತ್ತಿಗೂ ಆರು ಬಾಣ ಬಿಡುತ್ತಿದ್ದಳು. ನಾಲ್ಕು ಹಳದಿ ವೃತ್ತದ ಆಸುಪಾಸಿಗೆ, ಎರಡು ಎಡಕ್ಕೆ. ಮತ್ತೆ ನಾಲ್ಕು ಸರಿ, ಎರಡು ಎಡಕ್ಕೆ. “ನಿನ್ನ ಮನಸ್ಸು ಇಲ್ಲಿಲ್ಲ ಕಣಮ್ಮ” ಎಂದು ಮೇಷ್ಟ್ರು ಅರ್ಜುನ ಮತ್ತು ಹಕ್ಕಿಯ ಕಣ್ಣಿನ ಕತೆ ಹೇಳಿದರು. ಅವಳಿಗೆ ಆಯ್ಕೆ ತಪ್ಪಿತು. ಏಕಾಗ್ರತೆ ಕಳೆದುಕೊಂಡು ಅವಕಾಶ ಕೈಬಿಟ್ಟ ವಿದ್ಯಾರ್ಥಿನಿ ಎಂದು ನಾವೂ ಬರೆದು ಕಳಿಸಿದೆವು. ಡೆಸ್ಕಿನವರು ವರದಿಯನ್ನು ನಾಲ್ಕು ಸಾಲಿಗೆ ಇಳಿಸಿದರು, ಆ ಒಂದು ಸಾಲನ್ನು ಮಾತ್ರ ಬಿಡಲಿಲ್ಲ.

ರಾತ್ರಿ ಫೋಟೋಗಳನ್ನು ದೊಡ್ಡದು ಮಾಡಿ ನೋಡುವಾಗ ನಾಚಿಕೆಯಾಯಿತು. ಎಡಕ್ಕೆ ಹೋಗಿದ್ದು ಪ್ರತಿ ಸಲವೂ ಅವೇ ಎರಡು ಬಾಣ. ಒಂದರ ದಂಡದ ಮೇಲೆ ಕಂದು ಕಲೆ, ಇನ್ನೊಂದರ ಗರಿ ಕಿತ್ತುಹೋಗಿ ಮತ್ತೆ ಅಂಟಿಸಿದ್ದು. ಆ ಎರಡು ಬಾಣ ಹೂಡಿದಾಗ ಮಾತ್ರ ತಪ್ಪಿಹೋಗುವ ಏಕಾಗ್ರತೆ ಎಂಥದ್ದು?

ಹೆದೆ ಬಿಟ್ಟ ಕೂಡಲೇ ಬಾಣ ನೆಟ್ಟಗೆ ಹೋಗುತ್ತದೆ ಎಂದೇ ನಾವು ತಿಳಿದಿದ್ದೆವು. ಹಾಗಲ್ಲವಂತೆ. ಬಿಲ್ಲಿನ ಹಿಡಿ ದಾರಿಗೆ ಅಡ್ಡ ಇರುತ್ತದೆ. ಹೆದೆ ಹಿಂದಿನಿಂದ ತಳ್ಳಿದ ರಭಸಕ್ಕೆ ದಂಡ ಬಾಗುತ್ತದೆ, ಹಿಡಿಯನ್ನು ಬಳಸಿಕೊಂಡು ಕೆರೆಹಾವಿನ ಹಾಗೆ ಅತ್ತಿತ್ತ ಬಳುಕುತ್ತಾ ಹೋಗಿ ಆಮೇಲೆ ನೇರವಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲೇ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದಿದ್ದರು. ಈಗ ಮೊಬೈಲಿನಲ್ಲೇ ಸ್ಲೋ ಮೋಷನ್ ವಿಡಿಯೊ ಸಿಗುತ್ತದೆ, ನೋಡಿ.

ಅಂದರೆ ದಂಡದ ಬಿರುಸು ಬಿಲ್ಲಿನ ಬಲಕ್ಕೆ ಹೊಂದಬೇಕು. ಬಲಗೈಯಲ್ಲಿ ಹೆದೆ ಎಳೆಯುವವರಿಗೆ, ದಂಡ ತೀರಾ ಬಿರುಸಾದರೆ ಬಾಗದೆ ಎಡಕ್ಕೆ ಸರಿಯುತ್ತದೆ. ತೀರಾ ಮೆದುವಾದರೆ ಬಲಕ್ಕೆ. ಒಲಿಂಪಿಕ್ಸ್ ಬಿಲ್ಲುಗಳ ಹಿಡಿಯಲ್ಲಿ ಬಾಣಕ್ಕೆ ನಡುವೆಯೇ ದಾರಿ ಕೊರೆದಿರುತ್ತಾರೆ, ಅಲ್ಲಿ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಬಿದಿರಿನ ಬಿಲ್ಲಿಗೆ ಆ ಸೌಕರ್ಯ ಇಲ್ಲ. ಹೊಂದಿಕೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಕಡೆಯೇ ನಾವು ಮಕ್ಕಳ ಕೈಗೆ ಸಿಕ್ಕಿದ ಬಾಣ ಕೊಡುತ್ತಿದ್ದೇವೆ. ನಾವು ನೋಡಿದ ಸ್ಟಾಕ್ ರಿಜಿಸ್ಟರಿನಲ್ಲಿ ‘ಬಾಣ, 2 ಡಜನ್’ ಎಂದಷ್ಟೇ ಇತ್ತು. ಎಷ್ಟು ಬಿರುಸು, ಎಷ್ಟು ತೂಕ, ಒಂದೂ ಇಲ್ಲ. ಚಪ್ಪಲಿ ತರುವಾಗ ಇಷ್ಟು ಜೊತೆ ಅಂತ ಬರೆದು ನಂಬರ್ ಬರೆಯದೆ ಬಿಟ್ಟ ಹಾಗೆ.

ಅಳೆಯುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಹಲಗೆಗೆ 26 ಇಂಚು ಅಂತರದಲ್ಲಿ ಎರಡು ಮೊಳೆ ಹೊಡೆದು, ದಂಡವನ್ನು ಅವುಗಳ ಮೇಲೆ ಮಲಗಿಸಿ, ನಟ್ಟನಡುವೆ 2 ಪೌಂಡ್, ಅಂದರೆ ಸುಮಾರು 900 ಗ್ರಾಂ ತೂಕ ತೂಗುಹಾಕಬೇಕು. ಎಷ್ಟು ಇಂಚು ಬಾಗಿತೋ ಆ ಸಂಖ್ಯೆಯಿಂದ 26ನ್ನು ಭಾಗಿಸಿದರೆ ಸುಮಾರಾಗಿ ಎಷ್ಟು ಪೌಂಡ್ ಬಿಲ್ಲಿಗೆ ಆ ದಂಡ ಎಂದು ಗೊತ್ತಾಗುತ್ತದೆ. 22 ಮಿಲಿಮೀಟರ್ ಬಾಗಿದರೆ ಹೆಚ್ಚುಕಡಿಮೆ 30 ಪೌಂಡಿನದು, 16.5 ಮಿಲಿಮೀಟರ್ ಆದರೆ 40ರದು. ಒಂದೇ ಥರದವನ್ನು ಒಂದು ಕಟ್ಟು ಮಾಡಿ, ಪೇಟೆಯಲ್ಲಿ ಸಿಗುವ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಮತ್ತೆ ಬೇರ್ಪಡಿಸಬೇಕು, ಏಕೆಂದರೆ ತೂಕದ ಬಾಣ 50 ಮೀಟರಿಗೆ ಹೋಗುವಷ್ಟರಲ್ಲಿ ಕೆಳಗಿಳಿದಿರುತ್ತದೆ. ಮಳೆಗಾಲದ ತೇವಕ್ಕೆ ಮರ ಸೊಟ್ಟಗಾಗುತ್ತದೆ. ಹದವಾಗಿ ಬಿಸಿ ಮಾಡಿ ಅಂಗೈಯಲ್ಲಿ ಒತ್ತಿ ನೆಟ್ಟಗೆ ಮಾಡುವುದು ಪ್ರತಿ ಅಭ್ಯಾಸಕ್ಕೂ ಮೊದಲಿನ ಕೆಲಸ.

ಕೊನೆಗೆ ಗರಿಯಿಲ್ಲದ ಒಂದು ಬಾಣವನ್ನು ಹತ್ತಿರದಿಂದ ಬಿಟ್ಟು ನೋಡುವುದು. ಗರಿ ಇದ್ದರೆ ಬಾಣದ ತಪ್ಪನ್ನು ಅದು ತಿದ್ದಿಬಿಡುತ್ತದೆ, ಇಲ್ಲದಿದ್ದರೆ ಬಣ್ಣ ಬಯಲಾಗುತ್ತದೆ. ಎಡಕ್ಕೆ ಹೋದರೆ ಮೊನೆಯ ತೂಕ ಹೆಚ್ಚಿಸಬೇಕು, ದಂಡ ಇನ್ನಷ್ಟು ಬಾಗಲಿ ಎಂದು. ಬಲಕ್ಕೆ ಹೋದರೆ ಹಗುರ ಮೊನೆ, ಇಲ್ಲವೇ ದಂಡವನ್ನು ಚೂರು ಗಿಡ್ಡ ಮಾಡುವುದು. ಕತ್ತರಿಸಿದ ಮರ ಮತ್ತೆ ಬೆಳೆಯುವುದಿಲ್ಲ, ಹಾಗಾಗಿ ಮೊದಲು ಮೊನೆ, ಆಮೇಲೆ ಗರಗಸ.

ಇದನ್ನೆಲ್ಲ ಹೇಳಿದಾಗ ಕೋಚ್ ಒಬ್ಬರು ನಕ್ಕರು. “ಹೇಗೂ ಮುಂದೆ ಕಾರ್ಬನ್ ಬಾಣಕ್ಕೆ ಹೋಗುತ್ತಾರೆ, ಮರಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು?” ಮುಂದೆ ಹೋದವರು ಹೋಗುತ್ತಾರೆ, ನಿಜ. ರಾಜಸ್ಥಾನದ ಲಿಂಬಾ ರಾಮ್, ಜಾರ್ಖಂಡಿನ ದೀಪಿಕಾ ಕುಮಾರಿ ಬಿದಿರಿನ ಬಿಲ್ಲಿನಿಂದಲೇ ಒಲಿಂಪಿಕ್ಸ್‌ವರೆಗೆ ಹೋದವರು. ಆದರೆ ಮೊದಲ ಜರಡಿ ಹಿಡಿಯುವುದು ಬಿದಿರು ಮತ್ತು ಮರದಲ್ಲೇ. ಅಲ್ಲಿ ಉದುರಿದ ಮಗುವಿಗೆ ಕಾರ್ಬನ್ ಬಾಣ ಮುಟ್ಟುವ ದಿನವೇ ಬರುವುದಿಲ್ಲ. ಏಕಲವ್ಯನ ಹೆಸರಲ್ಲಿ ಕ್ರೀಡಾ ಪ್ರಶಸ್ತಿ ಕೊಡುವ ರಾಜ್ಯ ನಮ್ಮದು. ವಿದೇಶಿ ಬಿಲ್ಲಿಗೆ ಅನುದಾನ ಕೇಳುವ ಮೊದಲು ಪ್ರತಿ ತರಬೇತಿ ಕೇಂದ್ರದಲ್ಲೂ ಎರಡು ಮೊಳೆಯ ಒಂದು ಹಲಗೆ ಇರಲಿ, ಖರೀದಿ ಆದೇಶದಲ್ಲಿ ಡಜನ್ನಿನ ಪಕ್ಕ ಬಿರುಸು, ತೂಕವೂ ನಮೂದಾಗಲಿ ಎಂಬುದು ನಮ್ಮ ಒತ್ತಾಯ. ಕಬಡ್ಡಿಯಿಂದ ಖೋಖೋವರೆಗೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಪಿ.ಟಿ. ಮೇಷ್ಟ್ರನ್ನು ದೂರಿ ಫಲವಿಲ್ಲ, ಅವರಿಗೆ ಇದನ್ನು ಯಾರೂ ಕಲಿಸಿಲ್ಲ.

ಆ ಶಾಲೆಗೆ ನಾವು ಮತ್ತೆ ಹೋದೆವು, ಹಲಗೆ ಮತ್ತು 900 ಗ್ರಾಂ ಮರಳಿನ ಚೀಲದ ಜೊತೆ. ಮೇಷ್ಟ್ರು ಬೇಸರ ಮಾಡಿಕೊಳ್ಳದೆ ತಾವೇ ಸ್ಕೇಲ್ ಹಿಡಿದು ಕೂತರು. ಎರಡು ಡಜನ್ನಿನಲ್ಲಿ ಒಂದಕ್ಕೊಂದು ಹೊಂದಿದ್ದು ಏಳು. ಕಂದು ಕಲೆಯದು ಮತ್ತು ಗರಿ ಅಂಟಿಸಿದ್ದು ಎರಡೂ ಹೆಚ್ಚು ಬಾಗಲೇ ಇಲ್ಲ, ದೊಡ್ಡ ಹುಡುಗರ ಗಟ್ಟಿ ಬಿಲ್ಲಿಗೆ ಸೇರಬೇಕಾದವು. ಮೇಷ್ಟ್ರು ಅವೆರಡನ್ನೂ ಬೇರೆ ಇಟ್ಟು, ಏಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಹುಡುಗಿಯನ್ನು ಕರೆಸಲು ಒಬ್ಬನನ್ನು ಕಳಿಸಿದರು. ಅವಳು ಬಿಲ್ಲು ಬಿಟ್ಟು ಥ್ರೋಬಾಲ್ ಸೇರಿಕೊಂಡಿದ್ದಾಳೆ, ಪ್ರಾಕ್ಟೀಸ್ ಮುಗಿಸಿ ಬರುತ್ತಾಳಂತೆ ಎಂದು ಅವನು ವಾಪಸ್ ಬಂದು ಹೇಳಿದ. ಬಸ್ಸಿನ ಹೊತ್ತಾಗುವವರೆಗೆ ಕಾದೆವು.