ಗಟ್ಟಿಗಿತ್ತಿಯರ ಸಂಬಳದ ಚೀಟಿ

ಮುಖಪುಟ ನೋಡಿದ್ರೆ ಸಾಕು, ಒಳಗಿನ ಕತೆ ಗೊತ್ತಾಗುತ್ತೆ. ಬೆನ್ನು ತೋರಿಸಿ ನಿಂತ ಹುಡುಗಿ, ಕೆಂಪು ಕೋಟು, ಆಕಾಶದಲ್ಲಿ ಮೂರು ವಿಮಾನ. 1940ರ ಇಂಗ್ಲೆಂಡ್. ಗಂಡಸರು ಯುದ್ಧಕ್ಕೆ ಹೋಗಿದ್ದಾರೆ. ಹೆಂಗಸರು ಹಾಡ್ತಾರೆ, ಹೊಲಿಯುತ್ತಾರೆ, ರೇಷನ್ ಸಕ್ಕರೆಯಲ್ಲೇ ಕೇಕ್ ಮಾಡ್ತಾರೆ, ಬಾಂಬ್ ಬಿದ್ದ ಮರುದಿನ ಟೀ ಕಾಯಿಸ್ತಾರೆ. ಕೊನೆಗೆ 1945ರ ಮೇ 8, ಬೀದಿ ತುಂಬ ಬಾವುಟ, ಒಂದು ಮದುವೆ. ಶುಭಂ.

ಒಪ್ಕೋತೀನಿ, ನಾನೂ ಇವನ್ನ ಓದ್ತೀನಿ. ಜೆನ್ನಿಫರ್ ರಯಾನ್ ಅವರ ‘ದಿ ಚಿಲ್ಬರಿ ಲೇಡೀಸ್ ಕ್ವಾಯರ್’ ಓದ್ತಾ ಮೆಟ್ರೋದಲ್ಲಿ ಕಣ್ಣೊರೆಸಿಕೊಂಡವಳು ನಾನು. ಹಾಗಾಗಿ ಇದು ಮನೆಯೊಳಗಿನ ಜಗಳ ಅಂದ್ಕೊಳ್ಳಿ.

ನನ್ನ ತಕರಾರು ಇಷ್ಟೆ. ಈ ಹೆಂಗಸರ ಧೈರ್ಯವನ್ನ ಬಾಯ್ತುಂಬ ಹೊಗಳುವ ಪುಸ್ತಕಗಳಲ್ಲಿ ಬಹುಪಾಲು, ಸಂಬಳದ ಮಾತು ಬಂದ ಕೂಡಲೇ ಮೌನಗೌರಿ ಆಗಿಬಿಡ್ತವೆ.

ನಿಜವಾಗಿ ನಡೆದದ್ದೇನು? 1941ರ ಡಿಸೆಂಬರ್‌ನಲ್ಲಿ ಬ್ರಿಟನ್ ಕಾನೂನು ತಂದು, 20ರಿಂದ 30 ವರ್ಷದ ಅವಿವಾಹಿತೆಯರನ್ನ ಕಡ್ಡಾಯವಾಗಿ ಯುದ್ಧದ ಕೆಲಸಕ್ಕೆ ಕರೆಯಿತು. ಎಲ್ಲರೂ ಹಾಡ್ಕೊಂಡು ಹೋದವರಲ್ಲ. ಒಂದೇ ಬಾಂಬಿಗೆ ಗಾಯವಾದರೂ ಹೆಂಗಸಿಗೆ ಸಿಗ್ತಿದ್ದ ಪರಿಹಾರ ಗಂಡಸಿಗಿಂತ ಕಡಿಮೆ. ಅದು ಸರಿಹೋಗಿದ್ದು 1943ರಲ್ಲಿ, ಅದೂ ಹೋರಾಡಿದ ಮೇಲೆ. ಅದೇ ವರ್ಷ ಗ್ಲಾಸ್ಗೋ ಹತ್ತಿರದ ಹಿಲಿಂಗ್ಟನ್‌ನಲ್ಲಿ ವಿಮಾನದ ಎಂಜಿನ್ ಮಾಡ್ತಿದ್ದ ರೋಲ್ಸ್ ರಾಯ್ಸ್ ಕಾರ್ಖಾನೆಯ ಹೆಂಗಸರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಯುದ್ಧದ ನಟ್ಟನಡುವೆ! 1944ರ ಮಾರ್ಚ್‌ನಲ್ಲಿ ಶಿಕ್ಷಕಿಯರಿಗೆ ಸಮಾನ ವೇತನ ಕೊಡಬೇಕೆಂಬ ತಿದ್ದುಪಡಿ ಕಾಮನ್ಸ್ ಸಭೆಯಲ್ಲಿ 117–116ರಲ್ಲಿ, ಒಂದೇ ಒಂದು ಮತದಿಂದ ಗೆದ್ದಿತು. ಚರ್ಚಿಲ್ ಏನು ಮಾಡಿದ್ರು ಗೊತ್ತಾ? ಅದನ್ನ ಸರ್ಕಾರದ ವಿಶ್ವಾಸಮತದ ಪ್ರಶ್ನೆ ಮಾಡಿ, ಮತ್ತೆ ಮತಕ್ಕೆ ಹಾಕಿಸಿ ಸೋಲಿಸಿದ್ರು. ಇದಕ್ಕಿಂತ ಕ್ಲೈಮ್ಯಾಕ್ಸ್ ಬೇಕಾ?

‘ಜನ ಖುಷಿಗೆ ಓದ್ತಾರೆ ಕಣೇ, ಪಾಠಕ್ಕಲ್ಲ’ ಅಂತಾಳೆ ಗೆಳತಿ. ಸರಿ. ಆದರೆ ಖುಷಿ ಕೇಕಿನಲ್ಲಿ ಮಾತ್ರ ಯಾಕಿರಬೇಕು? ಸಾಲಾಗಿ ಮೆಷಿನ್ ನಿಲ್ಲಿಸಿ ಗೇಟಿಂದ ಹೊರಗೆ ಬಂದ ಹೆಂಗಸರನ್ನ ನೆನೆಸಿಕೊಂಡ್ರೆ ನಂಗೆ ಈಗಲೂ ರೋಮಾಂಚನ ಆಗುತ್ತೆ.

ಇಷ್ಟು ಸಿಟ್ಟು ಯಾಕೆ ಅಂದ್ರೆ, ಲಾಕ್‌ಡೌನಿನಲ್ಲಿ ನಮ್ಮ ಆಫೀಸಿನವರೂ ವಿಡಿಯೋ ಕಾಲಿನಲ್ಲಿ ನಮ್ಮನ್ನ ಹೀಗೇ ಹೊಗಳಿದ್ರು. ಒಂದು ಕೈಲಿ ಒಗ್ಗರಣೆ, ಇನ್ನೊಂದು ಕೈಲಿ ಲ್ಯಾಪ್‌ಟಾಪ್, ಎಂಥ ಗಟ್ಟಿಗಿತ್ತಿಯರು ಅಂತ. ಅಪ್ರೈಸಲ್ ಬಂತು. ನನ್ನ ಜೊತೆಗೇ ಸೇರಿದ, ನನ್ನಷ್ಟೇ ಕೆಲಸ ಮಾಡಿದ ಹುಡುಗನ ಹೈಕ್ ನನ್ನದರ ಎರಡರಷ್ಟು. ಕೇಳಿದ್ದಕ್ಕೆ, ‘ಈ ಕಷ್ಟಕಾಲದಲ್ಲಿ ಇದೆಲ್ಲ ಬೇಕಾ?’ ಅಂದ್ರು. ಚರ್ಚಿಲ್ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದಲ್ವಾ?

ಹೊಗಳಿಕೆಯಿಂದ ಹೊಟ್ಟೆ ತುಂಬಲ್ಲ. ‘ಗಟ್ಟಿಗಿತ್ತಿ’ ಅನ್ನೋ ಮಾತು ಎಷ್ಟೋ ಸಲ ಸಂಬಳದ ಬದಲಿಗೆ ಕೊಡುವ ಚಿಲ್ಲರೆ.

ಬರೆಯುವವರಿಗೆ ನನ್ನದೊಂದು ಬೇಡಿಕೆ. ನಿಮ್ಮ ಮುಂದಿನ ಕಾದಂಬರಿ ಮೇ 8ಕ್ಕೆ ಮುಗಿಯೋದು ಬೇಡ. ಮೇ 9ರ ಬೆಳಗ್ಗೆ ಶುರುವಾಗಲಿ. ಬಾವುಟ ಇಳಿದಿದೆ, ಗಂಡಸರು ವಾಪಸ್ ಬರ್ತಿದ್ದಾರೆ, ಅವಳು ಮಾತ್ರ ಎಂದಿನಂತೆ ಕಾರ್ಖಾನೆ ಗೇಟಿನ ಮುಂದೆ ನಿಂತಿದ್ದಾಳೆ. ಕೆಂಪು ಕೋಟು ಬೇಕಾದ್ರೆ ಇರ್ಲಿ. ಮುಖ ಮಾತ್ರ ನಮ್ಮ ಕಡೆ ತಿರುಗಿರಲಿ.